ಅಮೋನಿಯಾ ನಂಬರ್ ಬಿಡು, ನಿಮ್ಮಪ್ಪನ ಕೈ ನೋಡು

ಚಿ. ಹರೀಶನಿಗೆ ನಿಮ್ಮ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ನಿಮ್ಮಪ್ಪನ ರಕ್ತದ ರಿಪೋರ್ಟ್ ನೋಡ್ದೆ ಕಣೋ, ಅಮೋನಿಯಾ 118 ಅಂತ ಬಂದಿದೆ, ಅದನ್ನ ನೋಡಿ ನೀನು ರಾತ್ರಿಯೆಲ್ಲಾ ಗೂಗಲ್ ಮಾಡ್ಕೊಂಡು ಕೂತಿದೀಯಂತೆ, ನಿಮ್ಮಮ್ಮ ಹೇಳಿದ್ರು. ದೊಡ್ಡೋರಿಗೆ ಲೀಟರಿಗೆ ಮೈಕ್ರೋಮೋಲ್ ಲೆಕ್ಕದಲ್ಲಿ ಸುಮಾರು 50ರೊಳಗೆ ಇರಬೇಕು, ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ ಆಗುತ್ತೆ, ಜಾಸ್ತಿ ಇರೋದು ನಿಜಾನೇ. ಆದ್ರೆ ಮೆಡಿಕಲ್ ವಾರ್ಡಲ್ಲೇ ಸರ್ವಿಸ್ ಮುಗಿಸಿದೋಳು ನಾನು, ಇಷ್ಟು ಸುಲಭವಾಗಿ ಕೆಡೋ ಟೆಸ್ಟ್ ಇನ್ನೊಂದಿಲ್ಲ. ತೋಳಿಗೆ ಪಟ್ಟಿ ಬಿಗಿದು ಮುಷ್ಟಿ ಹಿಡಿಸಿ ರಕ್ತ ತೆಗೆದ್ರೆ ಏರುತ್ತೆ, ಟ್ಯೂಬನ್ನ ಐಸಲ್ಲಿಟ್ಟು ತಕ್ಷಣ ಲ್ಯಾಬಿಗೆ ಓಡಿಸ್ದೆ ಟ್ರೇನಲ್ಲೇ ಬಿಟ್ರೂ ಏರುತ್ತೆ, ರಕ್ತದ ಕಣಗಳೇ ಅಮೋನಿಯಾ ಬಿಡ್ತಾ ಹೋಗುತ್ವೆ. ಅದಕ್ಕೇ ಒಳ್ಳೆ ಡಾಕ್ಟ್ರು ಪೇಷಂಟನ್ನ ನೋಡಿ ಕಾಯಿಲೆ ಹೇಳ್ತಾರೆ. ನಾರ್ಮಲ್ ಬಂದ್ರೆ ಮಾತ್ರ ಈ ಟೆಸ್ಟಿಂದ ಜಾಸ್ತಿ ಉಪಯೋಗ, ಪೇಷಂಟಿಗೆ ಕವಿದಿರೋ ಮಂಕು ಬೇರೆ ಯಾವುದರಿಂದಲೋ ಬಂದಿದೆ ಅಂತ ಹುಡುಕ್ತಾರೆ.

ಆಗೋದು ಏನಂದ್ರೆ, ತಿಂದಿದ್ದರಲ್ಲಿರೋ ಪ್ರೋಟೀನು ಕರುಳಲ್ಲಿ ಒಡೆದು ಅಮೋನಿಯಾ ಆಗುತ್ತೆ, ನಿನಗೂ ಆಗುತ್ತೆ ನನಗೂ ಆಗುತ್ತೆ, ಲಿವರ್ ಅದನ್ನ ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸಿಬಿಡುತ್ತೆ. ನಿಮ್ಮಪ್ಪಂಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದೆ, ಕರುಳಿನ ರಕ್ತ ಲಿವರೊಳಗೆ ಹೋಗದೆ ಪಕ್ಕದಿಂದ ಸುತ್ತಿಕೊಂಡು ಅಮೋನಿಯಾ ಸಮೇತ ಮೇಲಕ್ಕೆ ಹೋಗ್ತಿದೆ, ಅದು ಮೆದುಳು ಮುಟ್ಟಿದ್ರೆ ಮಂಪರು ಕವಿಯುತ್ತೆ. (ಕುಡಿದೇ ಬಂದಿದ್ದು ಅಂತ ಊರವರು ಆಡ್ಕೊಂಡ್ರೆ ತಲೆ ಕೆಡಿಸ್ಕೋಬೇಡ, ಶುಗರು ಫ್ಯಾಟಿ ಲಿವರಿಂದಲೂ ಇದೇ ಗತಿ ಆಗುತ್ತೆ, ಅಣ್ಣ ಒಂದು ತೊಟ್ಟು ಮುಟ್ಟಿದೋನಲ್ಲ.)

ಲಿವರ್ ಚೆನ್ನಾಗಿದ್ದೂ ಅಮೋನಿಯಾ ಏರೋರೂ ಇದಾರೆ, ಫಿಟ್ಸಿಗೆ ಕೊಡೋ ವಾಲ್‌ಪ್ರೊಯೇಟ್ ಮಾತ್ರೆಯಿಂದ ಕೆಲವರಿಗೆ ಏರುತ್ತೆ. ಹುಟ್ಟಿದ ಎರಡು ಮೂರು ದಿನದಲ್ಲೇ ಹಾಲು ಬಿಟ್ಟು ಮಂಕಾಗೋ ಕೂಸುಗಳಲ್ಲೂ ನೋಡಿದೀನಿ, ಅದು ಯೂರಿಯಾ ಮಾಡೋ ಕಿಣ್ವವೇ ಹುಟ್ಟಿಂದ ಇಲ್ಲದ ಕೇಸು, ಅಲ್ಲಿ ಒಂದೊಂದು ಗಂಟೆಯೂ ಲೆಕ್ಕ, ಡಯಾಲಿಸಿಸ್‌ವರೆಗೂ ಹೋಗಬೇಕಾಗುತ್ತೆ. ಸೋದರಮಾವಂಗೆ ಕೊಟ್ಟು ತರೋ ನಮ್ಮಂಥ ಮನೆಗಳಲ್ಲಿ ಇಂಥ ಕಾಯಿಲೆ ಕಾಣಿಸ್ಕೊಳ್ಳೋ ಚಾನ್ಸ್ ಜಾಸ್ತಿ.

ಇನ್ನು ನಿಮ್ಮಪ್ಪನ ವಿಷಯ. ದಿನಾ ಬೆಳಿಗ್ಗೆ ಎದುರು ಕೂರಿಸ್ಕೊಂಡು ಎರಡೂ ಕೈ ಮುಂದಕ್ಕೆ ಚಾಚಿಸು, ಬಸ್ಸು ನಿಲ್ಲಿಸೋ ಹಾಗೆ ಅಂಗೈ ಎತ್ತಿ ಹಿಡೀಲಿ, ಬೆರಳು ಅಗಲ ಮಾಡಿ, ಒಂದರ್ಧ ನಿಮಿಷ. ಮಣಿಕಟ್ಟು ತಪಕ್ ಅಂತ ಬಿದ್ದು ಮತ್ತೆ ಏಳ್ತಿದ್ರೆ ಅಮೋನಿಯಾ ಕೆಲಸ ಶುರು ಮಾಡಿದೆ ಅಂತ. ಆಮೇಲೆ ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಹೇಳ್ತಾರೆ ಕೇಳು, 10 ದಾಟಲ್ಲ ಅಂದ್ರೆ ಡಾಕ್ಟ್ರಿಗೆ ಫೋನ್ ಮಾಡು. ಹಳೇ ಡೈರೀಲಿ ದಿನಾ ಸೈನ್ ಹಾಕಿಸು, ಅಕ್ಷರ ಸೊಟ್ಟಾಗ್ತಾ ಬಂದ್ರೆ ಗೊತ್ತಾಗಿಬಿಡುತ್ತೆ. ಹಗಲೆಲ್ಲಾ ತೂಕಡಿಸಿ ರಾತ್ರಿಯೆಲ್ಲಾ ಎದ್ದಿರೋದೂ ಇದರದೇ ಲಕ್ಷಣ, ನಿದ್ದೆ ಬರ್ಲಿ ಅಂತ ಮೆಡಿಕಲ್ ಶಾಪಿಂದ ನಿದ್ದೆ ಮಾತ್ರೆ ತಂದುಕೊಟ್ಟೀಯ ಜೋಕೆ, ಕೋಮಾಗೆ ಹೋದೋರನ್ನ ನೋಡಿದೀನಿ. ಸ್ಕೂಟರ್ ಕೀ ನಿನ್ನ ಹತ್ರನೇ ಇರ್ಲಿ. ಏಕಾಏಕಿ ಏನೇನೋ ಮಾತಾಡಿದ್ರೆ ಮೊದಲು ಶುಗರ್ ಚೆಕ್ ಮಾಡು, ಲೋ ಶುಗರ್ ಕೂಡ ಹಿಂಗೇ ಕಾಣುತ್ತೆ.

ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟಿದಾರಲ್ಲ, ಅದು ಬರೀ ಮಲಬದ್ಧತೆ ಔಷಧಿ ಅಲ್ಲ, ಕರುಳಲ್ಲಿ ಹುಳಿ ಮಾಡಿ ಅಮೋನಿಯಾ ರಕ್ತಕ್ಕೆ ಸೇರದ ಹಾಗೆ ಹಿಡಿದು ಹೊರಗೆ ಹಾಕುತ್ತೆ. ದಿನಕ್ಕೆ ಎರಡು ಮೂರು ಸಲ ಮಲ ಮೆತ್ತಗೆ ಆಗಬೇಕು, ಅಷ್ಟಕ್ಕೆ ಎಷ್ಟು ಎಂಎಲ್ ಬೇಕೋ ಡಾಕ್ಟ್ರನ್ನ ಕೇಳಿ ಹೊಂದಿಸ್ಕೋ. ನೀರು ನೀರಾಗಿ ಹೋದ್ರೆ ಕಡಿಮೆ ಮಾಡು, ಡೀಹೈಡ್ರೇಟ್ ಆದ್ರೆ ಮಂಕು ಜಾಸ್ತಿಯೇ ಆಗೋದು. ಇಷ್ಟಕ್ಕೂ ಬಗ್ಗದೆ ಮತ್ತೆ ಮತ್ತೆ ಮಂಕು ಬಂದ್ರೆ ರಿಫಾಕ್ಸಿಮಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ 550 ಎಂಜಿ ದಿನಕ್ಕೆರಡು ಸೇರಿಸ್ತಾರೆ, ದುಬಾರಿ, ಆದ್ರೂ ನೀನಾಗೇ ನಿಲ್ಲಿಸಬೇಡ.

ಬೇಳೆ ಹಾಲು ಮೊಸರು ಬಿಡಿಸಿಬಿಡಿ ಅಂದೋರು ಯಾರು ಅಂತ ನಿಮ್ಮಮ್ಮನ್ನ ಕೇಳ್ದೆ, ಹೇಳ್ಲಿಲ್ಲ. ಅದು ಹಳೇ ಕಾಲದ ಪಥ್ಯ, ಈಗ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಕೊಡಿ ಅಂತಾರೆ, ಯಾಕಂದ್ರೆ ಲಿವರ್ ಸೋತಾಗ ಅಮೋನಿಯಾ ಹೀರ್ಕೊಳ್ಳೋದು ಮಾಂಸಖಂಡ, ಅದನ್ನೇ ಕರಗಿಸಿಬಿಟ್ರೆ ಗತಿ ಏನು. ಶನಿವಾರದ ಒಪ್ಪೊತ್ತು, ಏಕಾದಶಿ ಎಲ್ಲಾ ನಿಲ್ಲಲಿ, ದೇವರು ಏನೂ ಅಂದ್ಕೊಳ್ಳಲ್ಲ. ಮಲಗೋ ಮುಂಚೆ ರಾಗಿ ಗಂಜಿ ಹಾಲು ಏನಾದ್ರೂ ಹೊಟ್ಟೆಗೆ ಬೀಳಲಿ, ಶುಗರ್ ನೋಡ್ಕೊಂಡು. ಹೊಟ್ಟೇಲಿ ನೀರು ಇರೋದ್ರಿಂದ ಉಪ್ಪಿನಕಾಯಿ ಹಪ್ಪಳ ಮಾತ್ರ ಬೇಡ. ಕಾಮಾಲೆ ನಾಟಿ ಔಷಧಿಗೆ ಕರ್ಕೊಂಡು ಹೋಗ್ತೀನಿ ಅಂತ ನಿಮ್ಮ ಚಿಕ್ಕಪ್ಪ ಹೊರಟ್ರೆ ನನಗೆ ಫೋನ್ ಕೊಡು, ನಾನು ಮಾತಾಡ್ತೀನಿ.

ಕಪ್ಪಗೆ ಟಾರ್ ಥರ ಮಲ ಹೋದ್ರೆ, ಜ್ವರ ಬಂದ್ರೆ, ಹೊಟ್ಟೆ ನೋವು ಅಂದ್ರೆ, ಕರೆದ್ರೂ ಸರಿಯಾಗಿ ಕಣ್ಣು ಬಿಡದಿದ್ರೆ ಬೆಳಗಾಗ್ಲಿ ಅಂತ ಕಾಯಬೇಡ, ಆಸ್ಪತ್ರೆಗೆ ಹೊರಡು. ಮಂಪರಲ್ಲಿರೋವಾಗ ಬಾಯಿಗೆ ಸಿರಪ್ ಹುಯ್ಯಬೇಡ, ಶ್ವಾಸಕ್ಕೆ ಹೋಗುತ್ತೆ, ಅಲ್ಲಿ ಎನಿಮಾ ಕೊಡ್ತಾರೆ. ಈಗ ತಗೋತಿರೋ ಅಷ್ಟೂ ಮಾತ್ರೆ ಶೀಟು ಸಾಲಾಗಿ ಇಟ್ಟು ಒಂದು ಫೋಟೋ ಕಳಿಸು, ಮೂತ್ರ ಜಾಸ್ತಿ ಮಾಡಿಸೋ ನೀರಿನ ಮಾತ್ರೆ ಡೋಸ್ ನೋಡಬೇಕು ನಾನು.

ಇತಿ,
ನಿಮ್ಮ ಅತ್ತೆ