ರಾಜೀನಾಮೆ ಕೊಟ್ಟರೆ ವಿಚಾರಣೆ ಮುಗಿಯಿತಾ?

ಮಾನ್ಯ ಸಂಪಾದಕರೇ,

ನಮ್ಮ ಸೋಮವಾರಪೇಟೆ ಕಡೆ ಪೋಡಿ, ಪೌತಿ ಖಾತೆಯಂಥ ಜಮೀನು ದಾಖಲೆಯ ಕೆಲಸ ತಿಂಗಳುಗಟ್ಟಲೆ ಎಳೆದರೆ ಸಾಕು, ‘ಈ ಆಫೀಸರ್‌ಗೆ ವಾಗ್ದಂಡನೆ ಮಾಡಿಸಬೇಕು’ ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರೆಯುವವರಿದ್ದಾರೆ. ಸಿಟ್ಟು ಸರಿಯೇ. ಆದರೆ ವಾಗ್ದಂಡನೆ ಅಂದರೆ ಆರೋಪ ವಿಚಾರಿಸಿ, ಸಂಸತ್ತೇ ಮತ ಹಾಕಿ ಹುದ್ದೆಯಿಂದ ಇಳಿಸುವುದು. ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಅದು ಇಲ್ಲವೇ ಇಲ್ಲ. ಅವರ ಮೇಲೆ ನಡೆಯುವುದು ಇಲಾಖಾ ವಿಚಾರಣೆ. ಆರೋಪ ಏನೆಂದು ತಿಳಿಸಿ, ಉತ್ತರ ಹೇಳಲು ಅವಕಾಶ ಕೊಟ್ಟು, ಆಮೇಲೆ ಸರ್ಕಾರವೇ ಕೆಲಸದಿಂದ ತೆಗೆಯಬಹುದು. ಸಂವಿಧಾನದ 311ನೇ ವಿಧಿ ಹೇಳುವುದು ಇದನ್ನೇ. ಮುಖ್ಯಮಂತ್ರಿಗೆ ಅವಿಶ್ವಾಸ ಗೊತ್ತುವಳಿ ಇದೆ. ರಾಜ್ಯಪಾಲರನ್ನು ರಾಷ್ಟ್ರಪತಿ ಯಾವಾಗ ಬೇಕಾದರೂ ಬದಲಿಸಬಹುದು.

ಯಾರನ್ನು ಹೀಗೆ ಸುಲಭವಾಗಿ ತೆಗೆಯುವಂತಿರಬಾರದೋ ಅವರಿಗೆ ಮಾತ್ರ ವಾಗ್ದಂಡನೆಯ ದಾರಿ. ರಾಷ್ಟ್ರಪತಿ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ, ಮುಖ್ಯ ಚುನಾವಣಾ ಆಯುಕ್ತರು. ಸರ್ಕಾರದ ವಿರುದ್ಧ ತೀರ್ಪು ಕೊಟ್ಟ ಜಡ್ಜ್ ಮರುದಿನವೇ ಮನೆಗೆ ಹೋಗುವಂತಿದ್ದರೆ ಅಂಥ ತೀರ್ಪು ಬರೆಯುವವರಾದರೂ ಯಾರು?

ಹಾಗಂತ ತೆಗೆಯುವ ದಾರಿಯೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಕೊಡಗಿಗೆ ಗೊತ್ತು. ನಮ್ಮ ಕೊನೆಯ ದೊರೆ ಚಿಕ್ಕವೀರರಾಜೇಂದ್ರನನ್ನು ಪ್ರಶ್ನಿಸುವ ಕಾನೂನು ಇಲ್ಲಿ ಇರಲಿಲ್ಲ. 1834ರಲ್ಲಿ ಅವನನ್ನು ಇಳಿಸಿದ್ದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ, ರಾಜನ ಜೊತೆ ರಾಜ್ಯವೂ ಹೋಯಿತು. ತಮಾಷೆ ನೋಡಿ, ಅದೇ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ ಬ್ರಿಟಿಷ್ ಪಾರ್ಲಿಮೆಂಟು 1788ರಿಂದ 1795ರವರೆಗೆ ವಾಗ್ದಂಡನೆಯ ವಿಚಾರಣೆ ನಡೆಸಿ ಕೊನೆಗೆ ಬಿಟ್ಟುಬಿಟ್ಟಿತ್ತು. ಅವರವನಿಗೆ ಏಳು ವರ್ಷ ವಿಚಾರಣೆ, ನಮ್ಮ ದೊರೆಗೆ ಒಂದು ದಿನದ್ದೂ ಇಲ್ಲ!

ನಮ್ಮಲ್ಲಿ ನ್ಯಾಯಮೂರ್ತಿಯನ್ನು ತೆಗೆಯಬೇಕಾದರೆ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಬೇಕು. ಸ್ಪೀಕರ್ ಅಥವಾ ಸಭಾಪತಿ ಒಪ್ಪಿದರೆ ಮೂವರ ಸಮಿತಿ ಆಗುತ್ತದೆ: ಒಬ್ಬರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಒಬ್ಬರು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಇನ್ನೊಬ್ಬರು ಕಾನೂನು ಪಂಡಿತರು. 2025ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದ ಯಶವಂತ್ ವರ್ಮಾ ವಿಷಯದಲ್ಲಿ ರಚಿಸಿದ ಸಮಿತಿಗೆ ಆ ಮೂರನೆಯವರಾಗಿ ಆಯ್ಕೆಯಾದದ್ದು ನಮ್ಮ ರಾಜ್ಯದ ಹಿರಿಯ ವಕೀಲ ಬಿ.ವಿ. ಆಚಾರ್ಯ. ತಪ್ಪು ಸಾಬೀತಾದರೆ ಎರಡೂ ಸದನಗಳಲ್ಲಿ ಮತ. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಸಾಲದು, ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರೂ ಪರವಾಗಿರಬೇಕು.

ಈ ಕೊನೇ ಷರತ್ತೇ 1993ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರನ್ನು ಉಳಿಸಿದ್ದು. ಲೋಕಸಭೆಯಲ್ಲಿ ತೆಗೆಯುವ ಗೊತ್ತುವಳಿಯ ಪರವಾಗಿ 196 ಮತ, ವಿರುದ್ಧ ಒಂದೂ ಇಲ್ಲ, ಆದರೆ ಕಾಂಗ್ರೆಸ್ ಮತ್ತು ಅದರ ಜೊತೆಗಾರರು ಸೇರಿ 205 ಜನ ಮತವನ್ನೇ ಹಾಕಲಿಲ್ಲ. ಸಮಿತಿ ತಪ್ಪು ಇದೆ ಅಂದ ಮೇಲೂ ಸುಮ್ನೆ ಕೂತು ಒಬ್ಬರನ್ನು ಪಾರು ಮಾಡಬಹುದು ಅಂತ ಅವತ್ತು ತಿಳಿಯಿತು. ಆದರೂ ಈ ಷರತ್ತನ್ನು ಸಡಿಲಿಸಿ ಅಂತ ನಾನು ಹೇಳುವುದಿಲ್ಲ. ನಾಳೆ ದೊಡ್ಡ ಬಹುಮತದ ಸರ್ಕಾರ ಬಂದರೆ ನೆಟ್ಟಗಿರುವ ಜಡ್ಜ್‌ಗೆ ಅದೇ ಕಾವಲು.

ನನ್ನ ತಕರಾರು ಬೇರೆ. 2011ರಲ್ಲಿ ಕಲ್ಕತ್ತಾ ಹೈಕೋರ್ಟ್ ನ್ಯಾಯಮೂರ್ತಿ ಸೌಮಿತ್ರ ಸೇನ್ ವಿರುದ್ಧದ ಗೊತ್ತುವಳಿ ರಾಜ್ಯಸಭೆಯಲ್ಲಿ ಗೆದ್ದಿತು, ಲೋಕಸಭೆಗೆ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು, ಅಲ್ಲಿಗೆ ಕಥೆ ಮುಗಿಯಿತು. ಅದೇ ವರ್ಷ, ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ಪಿ.ಡಿ. ದಿನಕರನ್ ಕೂಡ ವಿಚಾರಣೆ ನಡೆಯುತ್ತಿರುವಾಗಲೇ ರಾಜೀನಾಮೆ ಕೊಟ್ಟರು. ಸಮಿತಿಯ ಕೆಲಸ ಅಲ್ಲೇ ನಿಂತಿತು. ತಪ್ಪು ಮಾಡಿದ್ದರಾ ಇಲ್ಲವಾ? ಜನರಿಗೂ ತಿಳಿಯಲಿಲ್ಲ, ತಪ್ಪಿಲ್ಲದಿದ್ದರೆ ಅದನ್ನು ಹೇಳುವ ವರದಿಯೂ ಅವರ ಕೈಯಲ್ಲಿಲ್ಲ.

ಹುದ್ದೆ ಬಿಟ್ಟರೂ ಸಮಿತಿ ತನಿಖೆ ಮುಗಿಸಿ ವರದಿಯನ್ನು ಸದನದ ಮುಂದಿಡಲೇಬೇಕು ಎಂದು 1968ರ ನ್ಯಾಯಾಧೀಶರ ವಿಚಾರಣಾ ಕಾಯ್ದೆಗೆ ಒಂದು ಸಾಲು ಸೇರಿಸಿದರೆ ಸಾಕು. ಮೈಸೂರು-ಕೊಡಗು ಸಂಸದರು ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತಬಹುದಲ್ವಾ?

– ಒಬ್ಬ ಓದುಗ, ಸೋಮವಾರಪೇಟೆ