ಹೊಸ ಬ್ಯಾಟರಿಗೆ ಮೊದಲು ಮೀಟರ್ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

ಹಳೇ ಟೂರಿಂಗ್ ಬೈಕಿನ ಬ್ಯಾಟರಿ ಬಗ್ಗೆ ವಾಹನ ಪುಟದಲ್ಲಿ ಬಂದ ಬರಹ ಓದಿದೆ. ಸೀಸದ ಬ್ಯಾಟರಿ ತೆಗೆದು ಲಿಥಿಯಂ ಹಾಕಿ, ತೂಕ ಕಮ್ಮಿ, ಸೆಲ್ಫ್ ಜೋರು, ಮುಗೀತು ಅನ್ನೋ ಧಾಟಿಯಲ್ಲಿತ್ತು. ಅಷ್ಟಕ್ಕೇ ಮುಗಿಯುವ ಹಾಗಿದ್ದರೆ ನಾನು ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಕಳೆದುಕೊಳ್ಳುತ್ತಿರಲಿಲ್ಲ.

ನನ್ನ ಬೈಕಿಗೆ 25 ವರ್ಷ ದಾಟಿದೆ. ಒಂದು ಬೆಳಿಗ್ಗೆ ಬಟನ್ ಒತ್ತಿದರೆ ರಿಲೇ ಟಿಕ್ ಟಿಕ್ ಅಂತು, ಮೀಟರಿನ ದೀಪ ಮಂಕಾಯಿತು, ಅಷ್ಟೇ. ಬ್ಯಾಟರಿ ಹೋಯಿತು ಅಂತ ಹೊಸದು ಹಾಕಿಸಿದೆ. ಏಳನೇ ತಿಂಗಳಿಗೆ ಅದೂ ಮಲಗಿತು. ಸೀಟು ಎತ್ತಿ ನೋಡಿದರೆ ಬ್ಯಾಟರಿಯ ಎರಡೂ ಮಗ್ಗುಲು ಉಬ್ಬಿಕೊಂಡು, ಪೆಟ್ಟಿಗೆಯಿಂದ ಈಚೆಗೆ ಬರಲು ಒಲ್ಲೆ ಅನ್ನುತ್ತಿತ್ತು. ಸ್ನೇಹಿತರೊಬ್ಬರು ಬೇರೆ ಬ್ಯಾಟರಿ ಜೋಡಿಸಿ, ಎಂಜಿನ್ 4,000 ಆರ್‌ಪಿಎಂನಲ್ಲಿಟ್ಟು, ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದರು. 15.6 ವೋಲ್ಟ್! ಇರಬೇಕಾದದ್ದು 13.8ರಿಂದ 14.5ರ ಒಳಗೆ. ಹುಡುಕುತ್ತಾ ಹೋದರೆ ಬ್ಯಾಟರಿಯಲ್ಲಿ ಎಷ್ಟು ವೋಲ್ಟೇಜ್ ಇದೆ ಅಂತ ರೆಗ್ಯುಲೇಟರಿಗೆ, ಅಂದರೆ ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ಭಾಗಕ್ಕೆ, ಸುದ್ದಿ ಮುಟ್ಟಿಸುವ ವೈರಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಪಾಪ, ರೆಗ್ಯುಲೇಟರು ಬ್ಯಾಟರಿ ಇನ್ನೂ ತುಂಬಿಲ್ಲ ಅಂದುಕೊಂಡು ಸುರಿಯುತ್ತಲೇ ಇತ್ತು. ಬ್ಯಾಟರಿಯದ್ದೇನೂ ತಪ್ಪಿಲ್ಲ. ಕಿಲುಬು ಕೆರೆದು, ಪಿನ್ ಬದಲಿಸಿದ್ದು ಅರ್ಧ ಗಂಟೆಯ ಕೆಲಸ.

ಈ ಅಳತೆ ಮಾಡದೆ ಯಾವ ಬ್ಯಾಟರಿ ಒಳ್ಳೆಯದು ಅಂತ ಚರ್ಚೆ ಮಾಡುವುದು ಸುಮ್ನೆ ಕಾಲಹರಣ. ಮೀಟರ್ 13ರ ಕೆಳಗೇ ನಿಂತಿದ್ದರೆ ಎಂಜಿನ್ ಓಡುವಾಗ ಕರೆಂಟು ತಯಾರಿಸುವ ಸ್ಟೇಟರ್ ಕಾಯಿಲ್ ನೋಡಬೇಕು, ಎಷ್ಟು ದುಬಾರಿ ಬ್ಯಾಟರಿ ತಂದರೂ ಅದು ಉಪವಾಸ ಸಾಯುತ್ತದೆ. ಮೇಲೆ ಹೋಗುತ್ತಿದ್ದರೆ ನನ್ನ ಕಥೆ.

ಈಗ ಲಿಥಿಯಂ ವಿಷಯ. ಬೈಕಿಗೆ ಬರುವುದು ಲಿಥಿಯಂ ಐರನ್ ಫಾಸ್ಫೇಟ್. 3.2 ವೋಲ್ಟಿನ ನಾಲ್ಕು ಸೆಲ್, ಒಟ್ಟು 12.8. ಚಾರ್ಜಿಂಗ್ 14.6 ದಾಟುವುದು ಅದಕ್ಕೆ ಆಗದು. ದಾಟಿದರೆ ಸೆಲ್‌ಗಳನ್ನು ಕಾಯುವ ಒಳಗಿನ ಬಿಎಂಎಸ್ ಸರ್ಕ್ಯೂಟು ಸಂಪರ್ಕ ಕಡಿಯಬಹುದು, ಆಗ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಇಲ್ಲದಂತಾಗಿ, ಏರಿದ ವೋಲ್ಟೇಜ್ ನೇರ ಬಲ್ಬು, ಎಂಜಿನ್ ನಡೆಸುವ ಕಂಪ್ಯೂಟರು (ಇಸಿಯು) ಮೇಲೆ ಬೀಳುತ್ತದೆ. ನನ್ನ 15.6ರ ಬೈಕಿಗೆ ಆ ಬರಹ ನಂಬಿ ಲಿಥಿಯಂ ಹಾಕಿದ್ದರೆ ಏನಾಗುತ್ತಿತ್ತು ನೀವೇ ಊಹಿಸಿ.

ಇನ್ನೊಂದು, ಲೇಬಲ್ಲಿನ ಆಟ. ಕೆಲವು ಲಿಥಿಯಂ ಬ್ಯಾಟರಿ ಮೇಲೆ ದಪ್ಪಗೆ 18 ಎಎಚ್ (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಇರುತ್ತದೆ, ಪಕ್ಕದಲ್ಲಿ ಸಣ್ಣಕ್ಕೆ ಪಿಬಿ ಈಕ್ವಿವಲೆಂಟ್ ಅಂತ. ಪಿಬಿ ಅಂದರೆ ಸೀಸ. ಸೆಲ್ಫ್ ಎಳೆಯುವ ತಾಕತ್ತು 18 ಎಎಚ್ ಸೀಸದ ಬ್ಯಾಟರಿಗೆ ಸಮ, ಆದರೆ ಒಳಗೆ ನಿಜಕ್ಕೂ ತುಂಬಿರುವುದು 6 ಎಎಚ್ ಇರಬಹುದು. ಗಡಿಯಾರ, ಅಲಾರಂ ಸೇರಿ ಬೈಕು ನಿಂತಲ್ಲೇ 20 ಮಿಲಿ ಆಂಪಿಯರ್ ಎಳೆಯುತ್ತದೆ ಅನ್ನಿ. ದಿನಕ್ಕೆ ಅರ್ಧ ಎಎಚ್ ಹತ್ತಿರ ಹೋಯಿತು. 18 ಎಎಚ್ ಪೂರ್ತಿ ಬರಿದಾಗಲು ಒಂದು ತಿಂಗಳ ಮೇಲೆ ಬೇಕು, 6 ಎಎಚ್ ಹನ್ನೆರಡು ದಿನದಲ್ಲೇ ಖಾಲಿ. ಟೂರಿಂಗ್ ಬೈಕುಗಳು ವಾರಗಟ್ಟಲೆ ನಿಂತೇ ಇರುತ್ತವೆ, ಅಲ್ವಾ? ಚಳಿಯಲ್ಲಿ ಲಿಥಿಯಂ ಮೊದಲ ಒತ್ತಿಗೆ ಸೊರಗುವುದೂ ಉಂಟು, ಒಂದು ನಿಮಿಷ ಹೆಡ್‌ಲೈಟ್ ಹಾಕಿಟ್ಟರೆ ಮೈ ಬಿಸಿಯಾಗಿ ಎದ್ದೇಳುತ್ತದೆ.

ದೊಡ್ಡ ಬೈಕುಗಳಲ್ಲಿ ಬ್ಯಾಟರಿಗೆ ಸೆಲ್ಫ್ ಹೊಡೆಯುವುದೊಂದೇ ಕೆಲಸವಲ್ಲ. 1988ರಲ್ಲಿ ಬಂದ ಹೋಂಡಾ ಗೋಲ್ಡ್‌ವಿಂಗ್ ಜಿಎಲ್1500ರಲ್ಲಿ ರಿವರ್ಸ್ ಎಳೆಯುವುದೇ ಸ್ಟಾರ್ಟರ್ ಮೋಟರು. ಎಬಿಎಸ್ ಇರುವ ಹಳೇ ಬಿಎಂಡಬ್ಲ್ಯುಗಳಲ್ಲಿ ಬ್ಯಾಟರಿ ಸೊರಗಿದ್ದರೆ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಎಬಿಎಸ್ ದೀಪ ಮಿನುಗುತ್ತದೆ, ಸವಾರರು ಬ್ರೇಕ್ ಕೆಟ್ಟಿತು ಅಂತ ಗಾಬರಿಯಾಗುತ್ತಾರೆ.

ಹಾಗಾಗಿ ನನ್ನ ಮತ ಸೀಸದ ಬ್ಯಾಟರಿಯದ್ದೇ ಒಂದು ಬಗೆಯಾದ ಎಜಿಎಂಗೆ. ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕುವ ಗೋಜಿಲ್ಲ. ಆದರೆ ಓವರ್‌ಚಾರ್ಜ್ ಆಗಿ ಒಣಗಿದರೆ ನೀರು ತುಂಬಿಸಿ ಉಳಿಸಿಕೊಳ್ಳಲೂ ಆಗದು, ಅದು ನೆನಪಿರಲಿ. ನೀರು ಹಾಕುವ ಹಳೇ ಮಾದರಿಯೇ ಬೇಕು ಅನ್ನುವವರು ಬ್ಯಾಟರಿಯ ಆವಿ ಹೊರಹೋಗುವ ಗಾಳಿಪೈಪ್ ಮಡಚದಂತೆ ಕೆಳಗಿನವರೆಗೂ ಎಳೆಯಿರಿ, ಇಲ್ಲದಿದ್ದರೆ ಆಸಿಡ್ ಫ್ರೇಮಿನ ಬಣ್ಣ ತಿನ್ನುತ್ತದೆ.

ಕೊಳ್ಳುವಾಗ ಹಳೇ ಬ್ಯಾಟರಿ ಜೊತೆಗೇ ಒಯ್ಯಿರಿ. ಮಾಡೆಲ್ ನಂಬರಿನ ಕೊನೆಯ ಒಂದಕ್ಷರ ಬೇರೆಯಾದರೂ ಬಲಕ್ಕಿದ್ದ ಪ್ಲಸ್ ಎಡಕ್ಕೆ ಹೋಗಿರಬಹುದು. ಬೈಕಿನ ಕೇಬಲ್ ಗೇಣುದ್ದ, ಅದನ್ನು ಎಳೆದಾಡಿ ಉಲ್ಟಾ ಕೊಟ್ಟರೆ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ಡಯೋಡ್ ಢಂ. ತಯಾರಾದ ತಿಂಗಳು ನೋಡಿ, ಮೀಟರ್ ಇಟ್ಟು ನೋಡಿ. 12.4ರ ಕೆಳಗಿದ್ದರೆ ಎಷ್ಟೋ ದಿನದಿಂದ ಕೂತಲ್ಲೇ ಕೂತಿದೆ ಅಂತ ಅರ್ಥ. ಹೊಸ ಎಜಿಎಂ ಬ್ಯಾಟರಿ ಮನೆಗೆ ತಂದ ಮೇಲೆ ಎಎಚ್‌ನ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ, ಅಂದರೆ 18 ಎಎಚ್‌ಗೆ 1.8 ಆಂಪಿಯರಿನಲ್ಲಿ, ಪೂರ್ತಿ ಚಾರ್ಜ್ ಮಾಡಿಯೇ ಬೈಕಿಗೆ ಕೂರಿಸಿ.

ನಾನು ಹಾಕಿಸಿದ ಎಜಿಎಂಗೆ ಈಗ ಮೂರನೇ ವರ್ಷ. ಈ ಪತ್ರ ಬರೆಯುವ ಮುಂಚೆ ಒಮ್ಮೆ ಹೋಗಿ ಅಳೆದು ಬಂದೆ, 12.7 ತೋರಿಸಿತು.

ಇಂತಿ,
ಹಳೇ ಬೈಕಿನ ಒಬ್ಬ ಸವಾರ