ನಗೆಪತ್ರಿಕೆ ನಿಲ್ಲಿಸುವ ಹೊತ್ತಿಗೆ ನಿಮಗೆಲ್ಲ ಥ್ಯಾಂಕ್ಸ್

ಆತ್ಮೀಯರೇ,

ಈ ದೀಪಾವಳಿ ಸಂಚಿಕೆಯೇ ನಮ್ಮ ನಗೆ ಮಾಸಪತ್ರಿಕೆಯ ಕೊನೆಯ ಸಂಚಿಕೆ. "ನಿಜಾನಾ?" ಅಂತ ಫೋನ್ ಮಾಡಿ ಕೇಳುತ್ತಿದ್ದೀರಿ. ನಿಜ. ಕಾಗದದ ಬೆಲೆ, ಅಚ್ಚಿನ ಖರ್ಚು ಏರುತ್ತಲೇ ಹೋಯಿತು. ಚಂದಾದಾರರು ಕಡಿಮೆಯಾದರು. ಬರೆಯುವುದು, ಪ್ರೂಫ್ ನೋಡುವುದು, ವಿಳಾಸದ ಚೀಟಿ ಅಂಟಿಸುವುದು ಎಲ್ಲ ನನ್ನೊಬ್ಬನ ಕೆಲಸ. ಈಗ ಆಗುತ್ತಿಲ್ಲ. ಸಾಲ ಉಳಿದಿಲ್ಲ, ಯಾರ ಮೇಲೂ ಬೇಸರವಿಲ್ಲ. ಉಳಿದ ಚಂದಾ ಹಣ ವಾಪಸ್ ಕಳಿಸುತ್ತೇನೆ ಅಂದರೆ "ಇಟ್ಟುಕೊಳ್ಳಿ" ಅಂದವರೇ ಜಾಸ್ತಿ. ಅವರಿಗೆ ಏನು ಹೇಳಬೇಕೋ ತೋಚುತ್ತಿಲ್ಲ.

ಮೊದಲ ಥ್ಯಾಂಕ್ಸ್ ಅಚ್ಚಾಗುವ ಮುಂಚೆಯೇ ಓದಿದವರಿಗೆ, ಕೇಳಿದವರಿಗೆ. ಒಂಟಿಯಾಗಿ ಕೂತು ನಗೆಬರಹ ಬರೆಯುವವನಿಗೆ ಅದು ನಗಿಸುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಡಿಟಿಪಿ ಮಾಡಿಕೊಡುತ್ತಿದ್ದ ಅಕ್ಕ ಟೈಪ್ ಮಾಡುತ್ತಾ ಕೈ ನಿಲ್ಲಿಸಿ ನಕ್ಕರೆ ಆ ಬರಹ ಒಳಗೆ. ಸುಮ್ನೆ ಟೈಪ್ ಮಾಡಿ ಮುಗಿಸಿದರೆ ಮತ್ತೆ ಬರೆಯುವುದು. ಧಾರವಾಡದ ಕಡೆಯ ಮಾತು ಬಂದಾಗಲೆಲ್ಲ ಅಲ್ಲಿನ ಒಬ್ಬ ಮೇಷ್ಟ್ರಿಗೆ ಫೋನಿನಲ್ಲಿ ಓದುತ್ತಿದ್ದೆ. "ಹಂಗಲ್ರೀ, ಹಿಂಗ ಅಂತೀವಿ" ಅಂತ ಅವರು ಸಾಲು ಸಾಲಾಗಿ ಹೇಳಿಕೊಡುತ್ತಿದ್ದರು. ಊಟದ ಹೊತ್ತಾದರೂ ಫೋನ್ ಇಡುತ್ತಿರಲಿಲ್ಲ. ಸಾರ್, ಆ ಪುಟಗಳಲ್ಲಿ ಅರ್ಧ ನಿಮ್ಮದು.

ಇನ್ನೊಂದು ಗುಂಪಿಗೆ ನನ್ನ ದೊಡ್ಡ ನಮಸ್ಕಾರ. ಕಿವಿ ಕೇಳದವರು, ತೊದಲುವವರು, ದಪ್ಪಗಿರುವ ಹೆಂಗಸರು, ಇವರನ್ನು ಗೇಲಿ ಮಾಡಿ ನಗಿಸುವ ಹನಿಗಳು ಟಪಾಲಿನಲ್ಲಿ ಬರುತ್ತಲೇ ಇದ್ದವು. ಹಾಕುವುದಿಲ್ಲ ಅಂತ ಕಾರಣ ಬರೆದು ವಾಪಸ್ ಕಳಿಸುತ್ತಿದ್ದೆ. ಕೆಲವರು ಕೋಪ ಮಾಡಿಕೊಂಡು ಚಂದಾ ಬಿಟ್ಟರು. ಆದರೆ ಎಷ್ಟೋ ಜನ ಮತ್ತೆ ಕೂತು ಬೇರೆ ಹನಿ ಬರೆದು ಕಳಿಸಿದರು. ಹೆಚ್ಚಿನವು ಮೊದಲಿಗಿಂತ ಚೆನ್ನಾಗಿರುತ್ತಿದ್ದವು. ತಾನು ಬರೆದದ್ದನ್ನು ಬಿಟ್ಟುಕೊಡುವುದು ಸುಲಭವಲ್ಲ, ಅಲ್ವಾ? ನೀವು ಬಿಟ್ಟುಕೊಟ್ಟಿರಿ. ಮನೆಮಂದಿಯೆಲ್ಲ ಕೂತು ಓದುವ ಪತ್ರಿಕೆ ಅಂತ ಜನ ಹೇಳಿದ್ದು ನಿಮ್ಮಿಂದ.

ಈ ದಾರಿ ತೋರಿಸಿದ್ದು ಕೊರವಂಜಿ ಅನ್ನುವ ಹಳೆಯ ನಗೆಪತ್ರಿಕೆ. ರಾಶಿ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ವೈದ್ಯರಾಗಿದ್ದುಕೊಂಡೇ 1942ರಲ್ಲಿ ಅದನ್ನು ಶುರು ಮಾಡಿದರು. ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಓದುತ್ತಿದ್ದಾಗ ಅದಕ್ಕೆ ವ್ಯಂಗ್ಯಚಿತ್ರ ಬರೆದಿದ್ದಾರೆ. 25 ವರ್ಷ ನಡೆದ ಪತ್ರಿಕೆ 1967ರಲ್ಲಿ ನಿಂತಿತು. ಅದರ ಹಾದಿಯಲ್ಲೇ 1983ರಲ್ಲಿ ಅಪರಂಜಿ ಅನ್ನುವ ನಗೆಪತ್ರಿಕೆ ಬಂತು. ಹಳೆಯ ಕೊರವಂಜಿಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡಿದವರಿಗೂ ನಾನು ಋಣಿ. ಬರೆಯಲು ಏನೂ ತೋಚದ ರಾತ್ರಿಗಳಲ್ಲಿ ಅವನ್ನು ತೆರೆದು ಕೂತಿದ್ದೇನೆ.

ಅಂಚೆ ಕಚೇರಿಯ ಕೌಂಟರಿನವರನ್ನು ಮರೆಯುವ ಹಾಗಿಲ್ಲ. ನೋಂದಾಯಿತ ಪತ್ರಿಕೆಗೆ ಸಿಗುವ ರಿಯಾಯಿತಿ ದರ ಇಲ್ಲದಿದ್ದರೆ ಹಳ್ಳಿ ಹಳ್ಳಿಗೆ ಪತ್ರಿಕೆ ಕಳಿಸುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಗೊತ್ತುಮಾಡಿದ ತಾರೀಖಿಗೆ ಕಟ್ಟುಗಳನ್ನು ಹೊತ್ತು ತಂದಾಗ ಎದ್ದು ಬಂದು ಕೈಜೋಡಿಸುತ್ತಿದ್ದರು.

ರಾತ್ರಿ ಪಾಳಿಯ ಒಬ್ಬ ನರ್ಸ್ ವಾರ್ಡಿನಲ್ಲಿ ನಮ್ಮ ಪತ್ರಿಕೆ ಓದಿ ಹೇಳುತ್ತಿದ್ದರಂತೆ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಅಜ್ಜಿ "ನಗಿಸಬೇಡವೇ, ನೋವಾಗ್ತದೆ" ಅಂತ ಬೈದು, ಮಾರನೆ ದಿನ ತಾನೇ ಕೇಳಿ ಓದಿಸಿಕೊಂಡರಂತೆ. ಇದನ್ನೆಲ್ಲ ಅವರು ಬರೆದು ಕಳಿಸಿದ ಕಾಗದವನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದೇನೆ.

'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳನ್ನು, ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯುನಿಕೋಡಿಗೆ ಬದಲಾಯಿಸಿಕೊಟ್ಟ ಹುಡುಗರೇ, ನಿಮ್ಮ ಶ್ರಮದಿಂದ ಎಲ್ಲ ಸಂಚಿಕೆಗಳೂ ಉಳಿದವು. ಬೇಕಾದವರು ಕೇಳಿ, ಕಳಿಸುತ್ತೇನೆ. ಅಚ್ಚಾದ ಪ್ರತಿಗಳೂ ಒಂದಷ್ಟಿವೆ. ಶಾಲೆಗೋ ಊರಿನ ಗ್ರಂಥಾಲಯಕ್ಕೋ ಬೇಕಿದ್ದರೆ ವಿಳಾಸ ಬರೆದು ತಿಳಿಸಿ. ಅಂಚೆ ಖರ್ಚು ನನ್ನದು.